ಊರಿನ ಮೀನುಗಳಿಗೆಲ್ಲ ಒಬ್ಬನೇ ಅಪ್ಪ

ನಮ್ಮ ಕಡೆ ಹುಬ್ಬು ಎತ್ತಿದರೆ ಹೌದು ಎಂದರ್ಥ. ಬಾಯಿ ತೆರೆದು ಹೇಳುವ ಶ್ರಮವನ್ನು ಇಲೊಯಿಲೊ ಸೀಮೆಯವರು ಯಾವ ಕಾಲಕ್ಕೋ ಬಿಟ್ಟಿದ್ದೇವೆ. "ಊಟ ಆಯ್ತಾ?" ಎಂದರೆ ಹುಬ್ಬು. "ಜೀಪ್ನಿ ಗಿಂಬಾಲಿಗೆ ಹೋಗುತ್ತಾ?" ಎಂದರೆ ಡ್ರೈವರನ ಹುಬ್ಬು. ಚರ್ಚಿನಲ್ಲಿ ಪಾಪನಿವೇದನೆ ಮಾಡುವ ಪೆಟ್ಟಿಗೆಯೊಳಗೆ ಕತ್ತಲಿರುವುದರಿಂದ ಅಲ್ಲಿ ಮಾತ್ರ ವಿಧಿಯಿಲ್ಲದೆ ಬಾಯಿ ತೆರೆಯುತ್ತೇವೆ. ಈ ಪದ್ಧತಿಯಿಂದ ಯಾರಿಗೂ ಕೆಡುಕಾದದ್ದನ್ನು ನಾನು ಕಂಡಿರಲಿಲ್ಲ, ನಮ್ಮ ತೆರಿಯೊ ಆ ಮೆಣಸಿನಕಾಯಿ ಕಚ್ಚುವ ತನಕ.

ತೆರಿಯೊ ಎಂದರೆ ಎಲ್ಯೂತೇರಿಯೊ ಪಾಲ್ಮಾರೆಸ್. ಗಿಂಬಾಲಿನ ಕಡಲದಂಡೆಯಲ್ಲಿರುವ ನಮ್ಮ ಮೀನು ಸಂಶೋಧನಾ ಕೇಂದ್ರದಲ್ಲಿ ನನ್ನ ಪಕ್ಕದ ಮೇಜಿನವನು. ನಾನು ಪಾಸಿಂಗ್, ಸೂಕ್ಷ್ಮದರ್ಶಕದಲ್ಲಿ ಮೀನಿನ ಮೊಟ್ಟೆ ಎಣಿಸುವವಳು. ಮೊಟ್ಟೆಗಳು ಮಾತಾಡುವುದಿಲ್ಲವಾದ್ದರಿಂದ ಅಕ್ಕಪಕ್ಕದವರ ಮಾತು ನನಗೆ ಬಹಳ ಚೆನ್ನಾಗಿ ಕೇಳಿಸುತ್ತದೆ. ತೆರಿಯೊ ಒಳ್ಳೆಯ ಮನುಷ್ಯ. ಒಳ್ಳೆಯತನಕ್ಕೂ ಒಂದು ಮಿತಿ ಬೇಕು ಎಂದು ಹೇಳಿ ಕಳಿಸುವುದನ್ನು ದೇವರು ಮರೆತಿದ್ದ, ಅಷ್ಟೇ. ಹುಟ್ಟಿದಾಗಿನಿಂದ ಯಾರಿಗೂ 'ಇಲ್ಲ' ಎಂದವನಲ್ಲ. ಕೇಳಿದವರ ಮಕ್ಕಳಿಗೆಲ್ಲ ನಾಮಕರಣದಲ್ಲಿ ಗಾಡ್‌ಫಾದರ್ ಆಗಿ ನಿಂತು ನಿಂತು, ಈಗ ಕ್ರಿಸ್ಮಸ್ ಬಂತೆಂದರೆ ಉಡುಗೊರೆ ಕೇಳುವ ಮಕ್ಕಳಿಗೆ ಹೆದರಿ ಹಿತ್ತಲ ಬಾಗಿಲಿನಿಂದ ಓಡಾಡುತ್ತಾನೆ.

ಇಂಥವನ ನೌಕರಿ ಮಾತ್ರ ಗುತ್ತಿಗೆಯದು. ಆರು ತಿಂಗಳಿಗೊಮ್ಮೆ ಹೊಸದಾಗಿ ಸಹಿ, ಸಹಿ ಆಗುವ ತನಕ ನಿದ್ದೆಯಿಲ್ಲ. ಮಗಳು ಹುಟ್ಟುವ ಮುಂಚಿನಿಂದಲೂ ಇದೇ ಪಾಡು. ಈಗ ಆ ಹುಡುಗಿ ಹೈಸ್ಕೂಲಿಗೆ ಹೋಗುತ್ತಾಳೆ. ಅವನಿಗೆ ಬದುಕಿನಲ್ಲಿ ಬೇಕಾಗಿದ್ದುದು ಒಂದೇ, ಖಾಯಂ ಹುದ್ದೆ. ಅವನಿಗಿಂತ ಹೆಚ್ಚಾಗಿ ಅದು ಬೇಕಾಗಿದ್ದುದು ಅವನ ಅತ್ತೆ ಲೋಲಾ ಕೊನ್ಸಿಂಗಳಿಗೆ, ಏಕೆಂದರೆ ಅವನಿದ್ದದ್ದು ಅವಳ ಮನೆಯಲ್ಲಿ. ದಿನಾ ಅನ್ನ ಬಡಿಸುವಾಗ ತೊತೊ, ಅಂದರೆ ಹುಡುಗಾ, ಎಂದು ಕರೆದು ಅವಳದ್ದು ಒಂದೇ ಪ್ರಶ್ನೆ.

"ಏನಪ್ಪಾ ತೊತೊ, ಖಾಯಂ ಆಯ್ತಾ, ಇಲ್ಲಾ ಇನ್ನೂ ಬಾಡಿಗೆ ವಿಜ್ಞಾನಿನೇನಾ?"

ಆ ವರ್ಷ ನಮ್ಮ ಕೇಂದ್ರಕ್ಕೆ ಒಂದೇ ಒಂದು ಖಾಯಂ ಹುದ್ದೆ ಮಂಜೂರಾಗಿತ್ತು. ಮನಿಲಾದಿಂದ ತಜ್ಞರ ತಂಡ ಬಂದು ಕೆಲಸ ನೋಡಿ ಯಾರಿಗೆ ಎಂದು ತೀರ್ಮಾನಿಸುವುದಿತ್ತು. ತೆರಿಯೊ ಒಂಬತ್ತು ದಿನದ ನವೆನಾ ಪ್ರಾರ್ಥನೆ ಶುರು ಮಾಡಿದ್ದ. ಅತ್ತೆ ತಂಡದವರಿಗೆ ಬಡಿಸಲು ಹಂದಿಯೊಂದನ್ನು ಸಾಕತೊಡಗಿದ್ದಳು.

ಇಷ್ಟರಲ್ಲಿ ನಮ್ಮ ಸರ್ವರ್ ನೋಡಿಕೊಳ್ಳುತ್ತಿದ್ದ ಜೆರ್ಸನ್ ಎಂಬ ಹುಡುಗ ಪ್ರವಾಸಿ ಹಡಗಿನಲ್ಲಿ ಕೆಲಸ ಹಿಡಿದ. ನಮ್ಮೂರಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೂ ಹಡಗಿನವನ ತಾಯಿಗೆ ತಾಗುತ್ತದೆ, ಆಶ್ಚರ್ಯವೇನಿಲ್ಲ. ಬೀಳ್ಕೊಡುಗೆಯ ಊಟದಲ್ಲಿ ನಮ್ಮ ನಿರ್ದೇಶಕಿ ಮ್ಯಾಮ್ ಸಾಲ್ವಿಂಗ್ ಎದ್ದು ನಿಂತು ಕೇಳಿದರು.

"ಇನ್ಮೇಲೆ ಸರ್ವರ್ ಯಾರು ನೋಡ್ಕೋತೀರಿ?"

ಇಡೀ ಕೇಂದ್ರ ತಂತಮ್ಮ ತಟ್ಟೆಯಲ್ಲಿ ಏನೋ ಕಳೆದುಹೋದವರಂತೆ ಹುಡುಕತೊಡಗಿತು. ಅದೇ ಕ್ಷಣಕ್ಕೆ ತೆರಿಯೊ ವಿನೆಗರ್‌ನಲ್ಲಿ ನೆನೆಸಿದ ಹಸಿ ಮೀನನ್ನು ಬಾಯಿಗಿಟ್ಟ. ಅದರೊಳಗೆ ಬೆರಳ ತುದಿಯಷ್ಟು ದೊಡ್ಡ ಸೂಜಿಮೆಣಸು ಅಡಗಿತ್ತು. ಕಚ್ಚಿದ. ಅವನ ಎರಡು ಹುಬ್ಬುಗಳೂ ಹಣೆ ದಾಟಿ ಕೂದಲೊಳಗೆ ಹೊಕ್ಕವು.

"ಆಹಾ, ತೆರಿಯೊ. ನಿನ್ನಂಥವರಿದ್ದರೆ ಸಂಸ್ಥೆ ಉಳಿಯುತ್ತೆ ನೋಡು," ಎಂದು ಮ್ಯಾಮ್ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದೆವು. ನೀರು ಕುಡಿದು ತೆರಿಯೊನ ನಾಲಿಗೆ ಸರಿಹೋಗುವ ಹೊತ್ತಿಗೆ ಜೆರ್ಸನ್ ಅವನನ್ನು ಸರ್ವರ್ ಕೋಣೆಗೆ ಕರೆದೊಯ್ದಾಗಿತ್ತು.

ಜೆರ್ಸನ್ ಕಲಿಸಿದ್ದು ಒಂದೇ ಪಾಠ. ಬಾಗಿಲು ತೆರೆದಿದ್ದರಿಂದ ನಾನೂ ಕಲಿತೆ.

"ನೋಂಗ್ ತೆರಿಯೊ," ಎಂದ. ನೋಂಗ್ ಎಂದರೆ ನಮ್ಮಲ್ಲಿ ಅಣ್ಣ, ನಾಂಗ್ ಎಂದರೆ ಅಕ್ಕ. "ಇದನ್ನ ಒಂದು ಅಡಿಗೆಮನೆ ಅಂತ ತಿಳ್ಕೊಳಿ. ಕೇಂದ್ರದೋರೆಲ್ಲ ಇದೊಂದ್ರಲ್ಲೇ ಅಡಿಗೆ ಮಾಡ್ತಾರೆ. ಒಬ್ಬೊಬ್ಬರ ಅಡಿಗೆಗೂ ಒಂದೊಂದು ಪ್ಯಾಕೇಜ್, ಅಂದ್ರೆ ಸಾಫ್ಟ್‌ವೇರ್ ಸಾಮಾನು, ಬೇಕು. ಆದ್ರೆ ಕಪಾಟಲ್ಲಿ ಒಂದು ಸಾಮಾನಿಗೆ ಒಂದೇ ಡಬ್ಬಿ ಇಡಬಹುದು. ಮೆಲ್ಬಾ ಅಕ್ಕನ ಅಡಿಗೆಗೆ ಹೊಸ ವಿನೆಗರ್ ಬೇಕು, ಐಸಾ ಅಡಿಗೆಗೆ ಹಳೇದೇ ಆಗ್ಬೇಕು. ಹೊಸದು ಇಟ್ಟರೆ ಹಳೇದು ಆಚೆ ಹೋಗುತ್ತೆ. ಅದನ್ನ ನಂಬಿದ್ದ ಇನ್ನೂ ನಾಲ್ಕು ಡಬ್ಬಿ ಕೆಡುತ್ತೆ."

"ಮತ್ತೆ ನೀನು ಹೇಗೆ ನಡೆಸ್ತಿದ್ದೆ?"

"ಯಾರು ಏನು ಕೇಳಿದ್ರೂ ಆಗಲ್ಲ ಅಂತಿದ್ದೆ. ಒಬ್ಬೊಬ್ಬರಿಗೂ ಬೇರೆ ಅಡಿಗೆಮನೆ ಕಟ್ಟಿಕೊಡಬೇಕು ನೋಂಗ್, ಅದೇ ಸರಿ. ಅಲ್ಲೀವರೆಗೂ ನೀವೂ ಆಗಲ್ಲ ಅನ್ನಿ. ಅಷ್ಟೇ ಕೆಲಸ, ಕಷ್ಟ ಇಲ್ಲ."

ಕುರುಡನಿಗೆ ಕನ್ನಡಿ ಒರೆಸಿಡು ಎಂದ ಹಾಗಾಯಿತು. ಜೆರ್ಸನ್ ಹಡಗು ಹತ್ತಿದ.

ತೆರಿಯೊನಿಗೆ ಮೊದಲು ಹೆದರಿಕೆಯೇ ಆಗಿತ್ತು. ಆದರೆ ಮನೆಯಲ್ಲಿ ವಿಷಯ ಹೇಳಿದಾಗ ಲೋಲಾ ಕೊನ್ಸಿಂಗ್ ಜೀವಮಾನದಲ್ಲಿ ಮೊದಲ ಸಲ ಅವನ ತಟ್ಟೆಗೆ ಎರಡನೆಯ ಮೀನು ಹಾಕಿದಳಂತೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎನ್ನುತ್ತಾರೆ. ಇವನು ಹಗಲಿನಲ್ಲೇ ಹಿಡಿದ. 'ಸರ್ವರ್ ಆಡಳಿತಾಧಿಕಾರಿ' ಎಂದು ಮರದ ಫಲಕ ಕೆತ್ತಿಸಿ ಮೇಜಿನ ಮೇಲಿಟ್ಟ. ಇನ್ನೊಂದನ್ನು ಅತ್ತೆ ಗೇಟಿಗೆ ಹೊಡೆಸಿದಳು. ಬೀದಿಯವರು ಕೆಟ್ಟ ಟಿವಿ, ಕೆಟ್ಟ ಫ್ಯಾನು, ಅನ್ನದ ಕುಕ್ಕರು ಎಲ್ಲ ಹೊತ್ತು ತಂದು ಗೇಟಿನ ಮುಂದೆ ಇಟ್ಟುಹೋದರು. ತೆರಿಯೊ ಎಲ್ಲರಿಗೂ ಹುಬ್ಬು ಎತ್ತಿದ.

ಕೇಂದ್ರದಲ್ಲಿ ಮೊದಲು ಬಂದವಳು ಮೆಲ್ಬಾ. ಮರಿಮೀನುಗಳ ವಂಶಾವಳಿ ಪತ್ತೆ ಹಚ್ಚುವವಳು. ಯಾವ ಕೊಳದ ಬಂಗುಸ್ ಮೀನಿನ ಮರಿ ಯಾವ ತಂದೆತಾಯಿಯದು ಎಂದು ಅವುಗಳ ರೆಕ್ಕೆಯ ಚೂರು ಓದಿ ಹೇಳುವುದು ನಮ್ಮ ಕೇಂದ್ರದ ದೊಡ್ಡ ಕೆಲಸ. ಮನಿಲಾದವರು ನೋಡಲು ಬರುವುದೂ ಅದನ್ನೇ. ಮೆಲ್ಬಾ ಅಕ್ಕಿಹಿಟ್ಟಿನ ಬಿಳಿ ಪುಟೊ ಒಂದು ತಟ್ಟೆ ತಂದಿದ್ದಳು.

"ನೋಂಗ್, ತೊಂದರೆ ಇಲ್ಲ ಅಂದ್ರೆ ಆ ಪ್ಯಾಕೇಜಿನ ಹೊಸ ಆವೃತ್ತಿ ಹಾಕೋಕಾಗುತ್ತಾ? ತೊಂದರೆ ಆದ್ರೆ ಬೇಡ."

ಹುಬ್ಬು ಎದ್ದಿತು. ತೆರಿಯೊ ಆಜ್ಞೆ ಕೊಟ್ಟ. ಪರದೆಯ ಮೇಲೆ ಯಂತ್ರ ಉದ್ದದ ಪಟ್ಟಿಯೊಂದನ್ನು ಬಿಚ್ಚಿ, ಇಂಥಿಂಥವನ್ನು ಬದಲಿಸುತ್ತೇನೆ, ಇಂಥಿಂಥವನ್ನು ತೆಗೆದುಹಾಕುತ್ತೇನೆ, ಮುಂದುವರಿಯಲೇ, ಹೌದೋ ಇಲ್ಲವೋ ಎಂದು ಕೇಳಿತು. ಯಂತ್ರವಾದರೇನು, ಕೇಳಿದವರಿಗೆ ಇಲ್ಲ ಎನ್ನುವುದುಂಟೇ. ತೆರಿಯೊ ಹೌದು ಒತ್ತಿದ. ಒತ್ತುವಾಗ ಪರದೆಗೂ ಹುಬ್ಬು ಎತ್ತಿದ್ದನ್ನು ನಾನು ಕಣ್ಣಾರೆ ಕಂಡೆ.

ಮಾರನೆಯ ದಿನ ಐಸಾ ಬಂದಳು. ಡಾಕ್ಟರೇಟ್ ಮಾಡುತ್ತಿರುವ ಹುಡುಗಿ, ಮಾತು ಸಕ್ಕರೆ ಹರಳಿನಷ್ಟು ಸಣ್ಣದು. ಅವಳ ವರ್ಷದ ಕೆಲಸವೆಲ್ಲ ಆ ಹಳೆಯ ಆವೃತ್ತಿಯ ಮೇಲೆ ನಿಂತಿತ್ತು. ಬೆಳಗ್ಗೆ ಬಂದು ನೋಡಿದರೆ ಒಂದೂ ಓಡುತ್ತಿಲ್ಲ. ಕೂತು ಅತ್ತಿದ್ದಳು, ಮುಖ ತೊಳೆದಿದ್ದಳು, ಪೇಟೆಗೆ ಹೋಗಿ ಕೆಂಡದ ಮೇಲೆ ಬೇಯಿಸಿದ ಬಿಸಿಬಿಸಿ ಬಿಬಿಂಕಾ ತಂದಿದ್ದಳು.

"ತಗೊಳಿ ನೋಂಗ್. ಎಷ್ಟು ಕೆಲಸ ಮಾಡ್ತೀರ ನೀವು. ಬಿಡುವಾದಾಗ ಆ ಹಳೇ ಆವೃತ್ತಿ ಏನಾದ್ರೂ ಸಿಗುತ್ತಾ ಅಂತ... ಅವಸರ ಇಲ್ಲ."

ಹುಬ್ಬು. ಹೌದು. ಮೆಲ್ಬಾಳದ್ದು ಕೆಟ್ಟಿತು.

ಇಲ್ಲಿ ನಮ್ಮವರ ಇನ್ನೊಂದು ಪದ್ಧತಿ ಹೇಳಬೇಕು. ನಾವು ದೂರು ಹೇಳುವುದಿಲ್ಲ, ತಿನ್ನಿಸುತ್ತೇವೆ. ಎದುರು ನಿಂತು "ನೀನು ನನ್ನ ಕೆಲಸ ಹಾಳು ಮಾಡಿದೆ" ಎನ್ನುವುದು ಸಾಕಿದ ನಾಯಿಗೂ ಆಡುವ ಮಾತಲ್ಲ. ಸಣ್ಣ ಬೇಸರವಾದರೆ ಪುಟೊ, ನಿದ್ದೆಗೆಟ್ಟಿದ್ದರೆ ಬಿಬಿಂಕಾ, ಕೊರಳು ಹಿಸುಕುವಷ್ಟು ಸಿಟ್ಟು ಬಂದಿದ್ದರೆ ಇಡೀ ಕೋಳಿ ಸುಟ್ಟು ತಂದುಕೊಡುತ್ತೇವೆ. ತಿಂದವನು ತಟ್ಟೆಯ ತೂಕ ನೋಡಿ ತನ್ನ ತಪ್ಪಿನ ತೂಕ ತಿಳಿದುಕೊಳ್ಳಬೇಕು. ಗಿಂಬಾಲಿನ ಎಳೆಮಕ್ಕಳಿಗೂ ಇದು ಗೊತ್ತು. ತೆರಿಯೊನಿಗೂ ಗೊತ್ತಿತ್ತು, ಫಲಕ ಬರುವ ಮುಂಚೆ. ಫಲಕ ಬಂದ ಮೇಲೆ ಅವನು ಇವೆಲ್ಲ ಕೃತಜ್ಞತೆ ಎಂದುಕೊಂಡ.

"ನೋಡಿ ನಾಂಗ್ ಪಾಸಿಂಗ್," ಎಂದ ನನ್ನ ಹತ್ತಿರ, ಕೋಳಿಯ ಕಾಲು ಚೀಪುತ್ತ. "ಜೆರ್ಸನ್ ಇದ್ದಾಗ ಅವನಿಗೆ ಯಾರಾದ್ರೂ ಒಂದು ಬಿಸ್ಕತ್ತು ಕೊಟ್ಟಿದ್ರಾ? ಜನಕ್ಕೆ ಒಳ್ಳೇ ಆಡಳಿತ ಅಂದ್ರೇನು ಅಂತ ಈಗ ಗೊತ್ತಾಗ್ತಿದೆ."

"ಇದ್ಯಾರು ಕೊಟ್ಟಿದ್ದು?"

"ಮೆಲ್ಬಾ. ಕಣ್ಣಲ್ಲಿ ನೀರು ತುಂಬಿಕೊಂಡು ಕೊಟ್ಟಳು. ಅಷ್ಟು ಪ್ರೀತಿ."

ನನಗೆ ತಡೆಯಲಾಗಲಿಲ್ಲ. ಇವನಿಗೆ ವಿಷಯ ತಿಳಿಸಲೇಬೇಕೆಂದು ಮನೆಗೆ ಹೋಗಿ, ದೊಡ್ಡ ಪಾತ್ರೆಯಲ್ಲಿ ಮೊಲೊ ಸೂಪು ಮಾಡಿ ತಂದುಕೊಟ್ಟೆ. ಪಾತ್ರೆ ನೆಕ್ಕಿ, "ನಿಮ್ಮನ್ನೂ ಮೆಚ್ಚಿಸಿಬಿಟ್ಟೆ ನೋಡಿ," ಎಂದ. ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಹೀಗೆ ಬೆಳಗ್ಗೆ ಹೊಸದು, ಸಂಜೆ ಹಳೆಯದು. ತೆರಿಯೊ ತಮ್ಮ ಡಬ್ಬಿ ಎಸೆಯುತ್ತಿರುವುದು ಯಾರಿಗೋಸ್ಕರ ಎಂದು ಮೆಲ್ಬಾಗೂ ಐಸಾಗೂ ಗೊತ್ತಿಲ್ಲ. ಇಬ್ಬರೂ ಊಟಕ್ಕೆ ಒಟ್ಟಿಗೇ ಕೂತು, "ಆ ಸರ್ವರ್ ಕೋಣೆ ಪಕ್ಕದ ಆಲದ ಮರದಲ್ಲಿ ಏನೋ ಇದೆ ಕಣೇ," ಎಂದು ಪಿಸುಗುಟ್ಟುತ್ತಿದ್ದರು. ಮ್ಯಾಮ್ ಮರದ ಬುಡದಲ್ಲಿ ಮೇಣದಬತ್ತಿ ಹಚ್ಚಿಸಿದರು. ಕೊನೆಗೆ ಕೆಲವರು ಮೆಲ್ಲಗೆ, ನಿಮಗೆ ಸುಮ್ಮನೆ ತೊಂದರೆ ಯಾಕೆ, ಪಾಸ್‌ವರ್ಡ್ ಕೊಟ್ಟರೆ ನಾವೇ ಹಾಕಿಕೊಳ್ಳುತ್ತೇವೆ ಎಂದರು. ತೆರಿಯೊ ಅದಕ್ಕೂ ಹುಬ್ಬು ಎತ್ತಿದ. ಅಂದಿನಿಂದ ಕೇಂದ್ರದ ಅಷ್ಟೂ ಜನ ಒಂದೇ ಅಡಿಗೆಮನೆಯಲ್ಲಿ ಒಬ್ಬರಿಗೊಬ್ಬರು ಕಾಣದಂತೆ ಡಬ್ಬಿ ಬದಲಿಸತೊಡಗಿದೆವು. ಮೊಟ್ಟೆ ಎಣಿಸುವ ನಾನೂ ಒಂದು ಹಾಕಿದೆ. ಎಲ್ಲರೂ ಹಾಕುವಾಗ ನಾನೊಬ್ಬಳು ಯಾಕೆ ಬಿಡಲಿ.

ಇಂಥ ಅಡಿಗೆಮನೆಯಿಂದ ಒಂದು ಮಂಗಳವಾರ ಆ ಫಲಿತಾಂಶ ಹೊರಬಿತ್ತು. ಮೆಲ್ಬಾಳ ವಂಶಾವಳಿ ಕೊನೆಗೂ ಎಡವದೆ ಓಡಿ ಮುಗಿಸಿ, ಸುತ್ತಲಿನ ಅಷ್ಟೂ ಕೊಳಗಳ ಅಷ್ಟೂ ಬಂಗುಸ್ ಮೀನುಗಳು ಒಬ್ಬನೇ ತಂದೆಯ ಮಕ್ಕಳು ಎಂದು ಘೋಷಿಸಿತು. ಆ ತಂದೆ ನಮ್ಮ ವಾರ್ಡಿನ ಮುಖಂಡ ಕಪಿತಾನ್ ಅರ್ಸೇನಿಯೊನ ಕೊಳದ ಒಂದು ಗಂಡುಮೀನು.

ಮೆಲ್ಬಾ ಹುಬ್ಬು ಗಂಟಿಕ್ಕಿದಳು. "ಇದು ಸಾಧ್ಯಾನಾ ನೋಂಗ್?"

"ಯಂತ್ರ ಹೇಳ್ತಿದೆಯಲ್ಲಮ್ಮಾ," ಎಂದ ತೆರಿಯೊ. ಅವನ ಕಣ್ಣಿಗೆ ಕಂಡದ್ದು ಮೀನಲ್ಲ, ಖಾಯಂ ಹುದ್ದೆ. ಇಂಥ ಶೋಧ ಈ ಸೀಮೆಯಲ್ಲಿ ಆಗಿರಲೇ ಇಲ್ಲ.

ಅಂದು ಊಟಕ್ಕೆ ಕೂತಾಗ ಅವನು ಅತ್ತೆಗೆ ಹೇಳಿದ. ಅತ್ತೆ ಗುಟ್ಟಾಗಿ ಮೀನು ಸಂತೆಗೆ ಹೇಳಿದಳು. ಮಾರನೆಯ ದಿನ ಸಂತೆಯ ಹೆಂಗಸರು, "ಒಬ್ಬನೇ ಅಪ್ಪನ ಮಕ್ಕಳು ಅಂದ್ಮೇಲೆ ದೊಡ್ಡದಕ್ಕೊಂದು ಸಣ್ಣದಕ್ಕೊಂದು ರೇಟು ಯಾಕೆ," ಎಂದು ಜಗಳ ತೆಗೆದರು. ಭಾನುವಾರ ಪಾದ್ರಿಗಳು ನಾವೆಲ್ಲರೂ ಒಬ್ಬನೇ ತಂದೆಯ ಮಕ್ಕಳು, ಇದನ್ನು ಈಗ ವಿಜ್ಞಾನವೂ ಒಪ್ಪಿದೆ ಎಂದು ಪ್ರವಚನ ಮಾಡಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ, ಹಾಗೆ ಕಪಿತಾನ್ ಅರ್ಸೇನಿಯೊ ಸೋಮವಾರ ಬೆಳಗ್ಗೆಯೇ ಅಳತೆ ಟೇಪು ಹಿಡಿದು ನಮ್ಮ ಕೇಂದ್ರಕ್ಕೆ ಬಂದ.

"ಮ್ಯಾಮ್, ಗೇಟಿನ ಪಕ್ಕ ಒಂದು ಪ್ರತಿಮೆ ನಿಲ್ಲಿಸೋಣ ಅಂತ. ಆಳೆತ್ತರದ ಬಂಗುಸ್. ಬಾಲ ಸಮುದ್ರದ ಕಡೆ, ಮುಖ ನಮ್ಮ ವಾರ್ಡಿನ ಕಡೆ."

"ಕಪಿತಾನ್, ಇನ್ನೂ ತಜ್ಞರು ನೋಡ್ಬೇಕು," ಎಂದರು ಮ್ಯಾಮ್.

"ನೋಡ್ಲಿ ಬಿಡಿ. ಅವರು ಬರೋ ದಿನಾನೇ ಬ್ಯಾಂಡು ಹೇಳಿದ್ದೀನಿ. ಚುನಾವಣೆ ಬೇರೆ ಹತ್ರ ಬಂತು. ತೊತೊ ತೆರಿಯೊ, ಅದು ನಮ್ಮ ಮೀನೇ ತಾನೆ?"

ತೆರಿಯೊ ಏನು ಮಾಡಿದ ಎಂದು ನಾನು ಹೇಳಬೇಕಾಗಿಲ್ಲ.

ತಜ್ಞರು ಬರುವ ಹಿಂದಿನ ಸಂಜೆ ಜೆರ್ಸನ್ ಹಡಗಿನಿಂದ ಫೋನು ಮಾಡಿದ. ತೆರಿಯೊ ಹೆಮ್ಮೆಯಿಂದ ಎಲ್ಲ ವಿವರಿಸಿದ. ಜೆರ್ಸನ್‌ನ ಧ್ವನಿ ನನ್ನ ಮೇಜಿಗೂ ಕೇಳುತ್ತಿತ್ತು.

"ನೋಂಗ್, ಆ ಮೀನುಗಳ ಪಟ್ಟಿ ತೆಗೆದು ನೋಡಿ. ಸೊನ್ನೆ ತುಂಬಾ ಇದೆಯಾ?"

"ಬರೀ ಸೊನ್ನೆ ಕಣೋ. ಚಂದ ಸಾಲಾಗಿ ಕೂತಿದೆ."

"ಅಯ್ಯೋ ನೋಂಗ್. ಮೀನಿನ ಗುರುತು ಓದೋಕೆ ಆಗದಿದ್ರೆ ಹೊಸ ಆವೃತ್ತಿ ಅದನ್ನ ಖಾಲಿ ಬಿಡುತ್ತೆ. ಹಳೇದು ಖಾಲೀನ ಸೊನ್ನೆ ಅಂತ ಓದುತ್ತೆ. ನೀವು ಅರ್ಧ ಹೊಸದು ಅರ್ಧ ಹಳೇದು ಮಾಡಿಟ್ಟಿದ್ದೀರ. ಗೊತ್ತಿಲ್ಲ ಅನ್ನೋದೆಲ್ಲ ಸೊನ್ನೆ ಆಗಿದೆ, ಮರಿಗಳ ಸೊನ್ನೆ ಆ ಗಂಡುಮೀನಿನ ಸೊನ್ನೆ ಒಂದೇ ಥರ ಕಂಡಿದೆ, ಅದಕ್ಕೆ ಎಲ್ಲರಿಗೂ ಒಬ್ಬನೇ ಅಪ್ಪ."

ಫೋನು ಕೆಳಗಿಟ್ಟು ತೆರಿಯೊ ನನ್ನ ಕಡೆ ತಿರುಗಿದ. ಅವನ ಮುಖ ನೋಡಿ ನಾನು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡೆ. ಎಷ್ಟೇ ಬೈದುಕೊಂಡರೂ ಪಕ್ಕದ ಮೇಜಿನವನಲ್ಲವೇ.

"ಹೇಗೆ ಹೇಳೋದು ನಾಂಗ್? ಹೇಳಿದ್ರೆ ಹುದ್ದೆ ಹೋಯ್ತು. ಹೇಳದಿದ್ರೆ... ಬ್ಯಾಂಡಿನೋರಿಗೆ ಊಟಾನೂ ಹೇಳಿಯಾಗಿದೆ. ಅತ್ತೆ ಹಂದಿ ಕೊಯ್ಯಿಸಿಬಿಟ್ಟಳು."

"ಹೇಳಿಬಿಡು ತೊತೊ," ಎಂದೆ. ಹೇಳುವುದು ಸುಲಭ, ಕತ್ತು ನನ್ನದಾಗಿರಲಿಲ್ಲ.

ಬೆಳಗಾಯಿತು. ಮನಿಲಾದ ತಂಡ ಬಂತು. ಮುಖ್ಯಸ್ಥರು ಡಾಕ್ಟರ್ ಕಿಂತೋಸ್ ಎಂಬ ತೆಳ್ಳನೆಯ ಹಿರಿಯರು, ನಗುವುದೋ ಬೇಡವೋ ಎಂದು ಸದಾ ಯೋಚಿಸುವ ಮುಖ. ಸಭಾಂಗಣದ ಒಂದು ಬದಿಗೆ ಕಪಿತಾನ್, ಅವನ ಹಿಂದೆ ಹಿತ್ತಾಳೆಯ ಬ್ಯಾಂಡು, ಹಿಂದಿನ ಗೋಡೆಗೆ ಉದ್ದಕ್ಕೆ ಊಟದ ಮೇಜು, ಮೇಜಿನ ನಡುವೆ ಬಾಯಲ್ಲಿ ಸೇಬು ಕಚ್ಚಿಕೊಂಡ ಹುರಿದ ಹಂದಿ, ಹಂದಿಯ ಕಾವಲಿಗೆ ಸೌಟು ಹಿಡಿದ ಲೋಲಾ ಕೊನ್ಸಿಂಗ್. ತೆರಿಯೊ ಮುಂದೆ ಕಂಪ್ಯೂಟರಿನ ಎದುರು ಕೂತಿದ್ದ. ಅವನ ಪರದೆ ಗೋಡೆಯಷ್ಟು ದೊಡ್ಡದಾಗಿ ಎಲ್ಲರಿಗೂ ಕಾಣುತ್ತಿತ್ತು.

ಮ್ಯಾಮ್ ಸಾಲ್ವಿಂಗ್ ಫಲಿತಾಂಶ ಓದಿದರು. ಒಬ್ಬನೇ ಅಪ್ಪ ಎನ್ನುವಲ್ಲಿಗೆ ಬಂದಾಗ ಬ್ಯಾಂಡಿನವರು ಒಂದು ಸುತ್ತು ಬಾರಿಸಿದರು. ಕಿಂತೋಸ್ ಕಿವಿಯಿಂದ ಬೆರಳು ತೆಗೆದು ಕೇಳಿದರು.

"ಆಶ್ಚರ್ಯ. ಇಲ್ಲೇ ಇನ್ನೊಂದು ಸಲ ಓಡಿಸಿ ತೋರಿಸ್ತೀರಾ?"

ತೆರಿಯೊ ಓಡಿಸಿದ. ಯಂತ್ರ ಎರಡು ಹೆಜ್ಜೆ ಹೋಗಿ ಒಂದು ಪ್ಯಾಕೇಜಿಲ್ಲ ಎಂದು ನಿಂತಿತು. ಬೆಳಗಿನ ತಿಂಡಿಗೆ ಮುಂಚೆ ಐಸಾ ಹಳೆಯದನ್ನು ಹಾಕಿಕೊಂಡಿದ್ದಳು. ಹಿಂದಿನ ಸಾಲಿನಲ್ಲಿದ್ದ ಮೆಲ್ಬಾ ಪಾಪ, ನೋಂಗ್‌ಗೆ ಸಹಾಯವಾಗಲೆಂದು ಮಡಿಲ ಕಂಪ್ಯೂಟರಿನಿಂದಲೇ ಹೊಸದನ್ನು ಹಾಕಿದಳು. ಅದು ಗೊತ್ತಿಲ್ಲದ ಐಸಾ ಅವಳ ಪಕ್ಕದಲ್ಲೇ ಕೂತು, ಅವನಿಗೆ ಸಹಾಯವಾಗಲೆಂದು ಹಳೆಯದನ್ನು ಮತ್ತೆ ಹಾಕಿದಳು. ಯಂತ್ರ ಒಮ್ಮೆ ಅದಿಲ್ಲ ಎಂದಿತು, ಒಮ್ಮೆ ಇದಿಲ್ಲ ಎಂದಿತು. ಆಮೇಲೆ ಅದಕ್ಕೂ ಸಾಕಾಗಿರಬೇಕು. ತೆಗೆದುಹಾಕಬೇಕಾದವುಗಳ ಪಟ್ಟಿಯೊಂದನ್ನು ಗೋಡೆಯ ಮೇಲೆ ಬಿಚ್ಚಿತು. ಸಂತರ ಪ್ರಾರ್ಥನಾಮಾಲೆಯಂತೆ ಅದು ಇಳಿಯುತ್ತಲೇ ಹೋಯಿತು. ಕಡೆಯ ಸಾಲಿನಲ್ಲಿ ಆ ಅಡಿಗೆಮನೆಯ ಹೆಸರೇ ಇತ್ತು. ಮುಂದುವರಿಯಲೇ, ಹೌದೋ ಇಲ್ಲವೋ?

"ಹೌದು ಒತ್ತು," ಎಂದರು ಮ್ಯಾಮ್, ಹಲ್ಲಿನ ಸಂದಿಯಿಂದ.

"ಒತ್ತಪ್ಪಾ ತೊತೊ," ಎಂದ ಕಪಿತಾನ್.

ತೆರಿಯೊನ ಬೆರಳು ಗುಂಡಿಯ ಕಡೆ ಹೋಯಿತು. ಹೋದದ್ದು ಅರ್ಧದಲ್ಲಿ ನಿಂತಿತು. ಅಂದೇ ಮೊದಲ ಸಲ ಅವನು ಪಟ್ಟಿ ಓದುತ್ತಿದ್ದ.

"ಐಸಾ," ಎಂದ ತಿರುಗಿ, "ಇದು ನಿನ್ನದಲ್ವಾ? ಹೋದ್ರೆ ನಿನ್ನ ಕೆಲಸ?"

"ಪರವಾಗಿಲ್ಲ ನೋಂಗ್. ಆವತ್ತೂ ಹೋಗಿತ್ತು."

"ಯಾವತ್ತು?"

ಐಸಾ ನೆಲ ನೋಡಿದಳು. "ಬಿಬಿಂಕಾ ತಂದಿದ್ನಲ್ಲ, ಆವತ್ತು."

ತೆರಿಯೊನ ಮುಖದ ಬಣ್ಣ ಬದಲಾಯಿತು. "ಮೆಲ್ಬಾ, ಆ ಪುಟೊ?"

"ಅದು ಸುಮ್ಮನೆ ಕೇಳೋಕೆ ಬಂದಾಗ ತಂದಿದ್ದು ನೋಂಗ್."

"ಮತ್ತೆ ಕೋಳಿ?"

ಮೆಲ್ಬಾಳೂ ನೆಲ ನೋಡಿದಳು. ಸಭಾಂಗಣದಲ್ಲಿ ಇನ್ನೂ ಯಾರ‍್ಯಾರೋ ಕೋಳಿ ತಂದವರು ಇದ್ದಿರಬೇಕು. ಬಹಳ ಜನ ನೆಲ ನೋಡಿದರು. ಅವನ ಕಣ್ಣು ಕೊನೆಗೆ ನನ್ನ ಮೇಲೆ ಬಂದು ನಿಂತಿತು.

"ನಾಂಗ್ ಪಾಸಿಂಗ್. ಸೂಪು?"

"ಚೆನ್ನಾಗಿತ್ತಾ?" ಎಂದೆ. ಇನ್ನೇನು ಹೇಳಲಿ.

ಅಷ್ಟು ದಿನ ತಿಂದದ್ದೆಲ್ಲ ಒಟ್ಟಿಗೇ ಎದ್ದು ಬಂದಂತೆ ಅವನು ಹೊಟ್ಟೆ ಹಿಡಿದುಕೊಂಡ. ನಾಚಿಕೆಯಿಂದ ಕಿವಿ ಕೆಂಪಾಗಿದ್ದವು. ಆಮೇಲೆ ಪರದೆಯ ಕಡೆ ತಿರುಗಿ ಬೆನ್ನು ನೆಟ್ಟಗೆ ಮಾಡಿ ಕೂತ. ಮತ್ತು ಬಾಯಿ ತೆರೆದು, ಇಡೀ ಸಭಾಂಗಣಕ್ಕೆ ಕೇಳುವಂತೆ ಹೇಳಿದ.

"ಇಲ್ಲ."

ಹೇಳಿ, ಒತ್ತಿದ. ಪಟ್ಟಿ ಮಾಯವಾಯಿತು. ಬ್ಯಾಂಡಿನವನೊಬ್ಬನ ಕೈಯಿಂದ ತಾಳ ಕೆಳಗೆ ಬಿದ್ದು ಬಹಳ ಹೊತ್ತು ಸುತ್ತಿತು.

ಆ ಮಾತು ನಮ್ಮ ಕೇಂದ್ರದಲ್ಲಿ ಎಂದೂ ಕೇಳಿಸಿರಲಿಲ್ಲ. ಜೆರ್ಸನ್ ಕೂಡ ಆಗಲ್ಲ ಎನ್ನುವಾಗ ನಕ್ಕು, ತಲೆ ಕೆರೆದು, ನಾಳೆ ನೋಡೋಣ ಎಂದೇ ಮುಗಿಸುತ್ತಿದ್ದ. ಇದು ಬರಿಯ ಇಲ್ಲ. ತೆರಿಯೊನಿಗೂ ಅದರ ರುಚಿ ಹತ್ತಿದಂತೆ ಕಂಡಿತು.

"ತೆರಿಯೊ, ನೆಟ್‌ವರ್ಕ್ ಸರಿ ಇಲ್ಲ ಅನ್ಸುತ್ತೆ, ಅಲ್ವಾ?" ಎಂದರು ಮ್ಯಾಮ್, ದಾರಿ ಮಾಡಿಕೊಡುತ್ತ.

"ಇಲ್ಲ ಮ್ಯಾಮ್. ನೆಟ್‌ವರ್ಕ್ ಚೆನ್ನಾಗೇ ಇದೆ. ಅಡಿಗೆಮನೆ ಹಾಳು ಮಾಡಿದ್ದು ನಾನು."

"ಹಾಗಿದ್ರೂ ಆ ಅಪ್ಪ ನಮ್ಮ ಮೀನೇ ತಾನೆ?" ಎಂದ ಕಪಿತಾನ್.

"ಇಲ್ಲ ಕಪಿತಾನ್. ಅದು ಯಾರ ಅಪ್ಪನೂ ಅಲ್ಲ. ಗೊತ್ತಿಲ್ಲ ಅನ್ನೋದನ್ನೆಲ್ಲ ಯಂತ್ರ ಸೊನ್ನೆ ಅಂತ ಓದಿದೆ. ನಿಮ್ಮ ಮೀನು ಮದುವೆ ಆಗಿದೆಯೋ ಇಲ್ಲವೋ ಅದೂ ನಮಗೆ ಗೊತ್ತಿಲ್ಲ."

"ಪ್ರತಿಮೆಗೆ ಅಚ್ಚು ಹಾಕಿಯಾಗಿದೆಯಲ್ಲೋ."

"ಇಲ್ಲ ಅಂದ್ರೆ ಇಲ್ಲ."

"ನೋಂಗ್," ಎಂದಳು ಹಿಂದಿನಿಂದ ಮೆಲ್ಬಾ, ಅಭ್ಯಾಸಬಲದಿಂದ, "ಈಗ ಹೊಸ ಆವೃತ್ತಿ ಹಾಕ್ಲಾ?"

"ಇಲ್ಲ. ನಿನಗೊಂದು ಅಡಿಗೆಮನೆ, ಐಸಾಗೊಂದು, ನಾಂಗ್‌ಗೊಂದು. ಇವತ್ತೇ ಕಟ್ಟಿಕೊಡ್ತೀನಿ. ಅಲ್ಲೀವರೆಗೂ ಯಾರೂ ಒಂದು ಡಬ್ಬಿ ಮುಟ್ಟಕೂಡದು. ಪಾಸ್‌ವರ್ಡ್ ಬದಲಾಯಿಸ್ತೀನಿ. ಕೇಳಿದ್ರೆ ಕೊಡಲ್ಲ."

ಇವನು ನಮ್ಮ ತೆರಿಯೊನೇ ಹೌದೋ ಎಂದು ನಾನು ಕನ್ನಡಕ ಒರೆಸಿಕೊಂಡೆ. ಕಪಿತಾನ್ ಸಿಟ್ಟಿನಿಂದ ಬ್ಯಾಂಡನ್ನು ಕರೆದುಕೊಂಡು ಹೊರಟ. ಬ್ಯಾಂಡಿನವರು ಹಂದಿ ನೋಡಿ ಹೊರಡಲಿಲ್ಲ.

ಕಿಂತೋಸ್ ಅಷ್ಟು ಹೊತ್ತೂ ಪೆನ್ನು ಕಚ್ಚುತ್ತ ಕೂತಿದ್ದರು. ಈಗ ಎದ್ದರು. ಮ್ಯಾಮ್ ಸಾಲ್ವಿಂಗ್ ಶಿಲುಬೆಯ ಗುರುತು ಮಾಡಿಕೊಂಡರು.

"ಮಿಸ್ಟರ್ ಪಾಲ್ಮಾರೆಸ್, ಈ ತಿಂಗಳು ಬಹಳ ಕೇಂದ್ರ ಸುತ್ತಿದ್ದೀನಿ. ಎಲ್ಲಾ ಕಡೆ ಇದೇ ಒಂದು ಅಡಿಗೆಮನೆ, ಇದೇ ಕಲಸುಮೇಲೋಗರ. ಒಂದು ಕಡೆ ಸೀಗಡಿಗೆ ಮೂವರು ತಾಯಂದಿರು ಅಂತ ತೋರಿಸಿದ್ರು. ಕೇಳಿದ್ರೆ ಎಲ್ಲರೂ, ಎಲ್ಲಾ ಚೆನ್ನಾಗಿದೆ ಸರ್ ಅಂತಾರೆ. ತಪ್ಪಾಗಿದೆ, ನಾನೇ ಮಾಡಿದ್ದು ಅಂದವರು ನೀವೊಬ್ಬರು. ಪಟ್ಟಿ ಓದಿ ಇಲ್ಲ ಅನ್ನೋಕೆ ಗೊತ್ತಿರೋ ಒಬ್ಬರು ನನಗೆ ಬೇಕು." ಎಂದು ತಮ್ಮ ತಂಡದವರ ಮುಖ ನೋಡಿದರು. ಅವರು ಹುಬ್ಬು ಎತ್ತಿದರು. "ಆ ಖಾಯಂ ಹುದ್ದೆ ನಿಮಗೇ. ಒಪ್ಪಿಗೆನಾ?"

"ಇಲ್ಲ," ಎಂದ ತೆರಿಯೊ.

ಉತ್ತರ ಹೊರಟು ಹೋದ ಮೇಲೆ ಪ್ರಶ್ನೆ ಅವನ ಕಿವಿಗೆ ತಲುಪಿತು. ಅವನ ಬಾಯಿ ತೆರೆದೇ ಇತ್ತು. ಆಡಿದ ಮಾತು ವಾಪಸು ಬರಲೆಂದು ಕಾಯುತ್ತಿದ್ದಂತೆ ಕಂಡಿತು. ಇಷ್ಟು ವರ್ಷ ಕಾದ ಹುದ್ದೆ. ಕಣ್ಣಲ್ಲಿ ನೀರು ತುಂಬಿತು. ಹೌದು ಎನ್ನಲು ನಾಲಿಗೆ ತಡಕಾಡಿದ. ಆ ಮಾತನ್ನು ಬಾಯಿಂದ ಆಡಿ ರೂಢಿಯೇ ಇಲ್ಲ. ಹುಬ್ಬಾದರೂ ಎತ್ತೋ ಎಂದು ನಾನು ಮನಸ್ಸಿನಲ್ಲೇ ಕೂಗಿಕೊಂಡೆ. ಭಯಕ್ಕೆ ಅವೂ ಮರಗಟ್ಟಿದ್ದವು. ಮ್ಯಾಮ್ ಕಣ್ಣು ಮುಚ್ಚಿಕೊಂಡರು. ಕಿಂತೋಸ್ ಬೇಸರದಿಂದ ಪೆನ್ನಿಗೆ ಮುಚ್ಚಳ ಹಾಕತೊಡಗಿದರು.

ಹಿಂದಿನಿಂದ ಸೌಟು ಮೇಜಿಗೆ ಬಡಿದ ಸದ್ದಾಯಿತು.

"ಹೌದು ಅಂತ ಬರ್ಕೊಳಿ," ಎಂದಳು ಲೋಲಾ ಕೊನ್ಸಿಂಗ್.

ಕಿಂತೋಸ್ ತಿರುಗಿ ನೋಡಿದರು. "ಅಜ್ಜಿ, ಹುದ್ದೆ ಅವರದ್ದು. ಉತ್ತರ ಅವರ ಬಾಯಿಂದ್ಲೇ ಬರ್ಬೇಕು."

"ಅವನ ಬಾಯಿ ನಂಬಿಕೊಂಡ್ರೆ ಆಯ್ತು ಬಿಡಿ," ಎಂದು ಲೋಲಾ ಕೊನ್ಸಿಂಗ್ ಸೌಟು ಹಿಡಿದುಕೊಂಡೇ ಮುಂದೆ ಬಂದಳು. "ನನ್ನ ಮಗಳನ್ನ ಮದುವೆ ಆಗೋ ದಿನ ಪಾದ್ರಿ ಎರಡು ಸಲ ಕೇಳಿದ್ರು, ಒಪ್ಪಿಗೆನಾ ಅಂತ. ಇವನ ಗಂಟಲಿಂದ ಒಂದು ಶಬ್ದ ಹೊರಡಲಿಲ್ಲ. ಕೊನೆಗೆ ನಾನೇ ಎದ್ದು ಹೇಳಿದ್ದು. ಮದುವೆ ಗಟ್ಟಿಯಾಗಿ ನಿಂತಿದೆಯೋ ಇಲ್ಲವೋ, ಅವನನ್ನೇ ಕೇಳಿ."

ಕಿಂತೋಸ್ ತೆರಿಯೊನ ಕಡೆ ನೋಡಿದರು. ತೆರಿಯೊ ಅತ್ತೆಯ ಕಡೆ ನೋಡಿದ. ಮುಖ್ಯಸ್ಥರು ಪೆನ್ನಿನ ಮುಚ್ಚಳ ತೆಗೆದು, ತೆರಿಯೊನ ಹೆಸರಿನ ಮುಂದೆ ಹೌದು ಎಂದು ಬರೆದು, ಹೇಳಿದವರು ಎಂಬಲ್ಲಿಗೆ ಅಜ್ಜಿಯ ಪೂರ್ತಿ ಹೆಸರು ಕೇಳಿ ಬರೆದುಕೊಂಡರು.